ಕೋಚ್‌ಗೆ ಕೋಪ ಬಂದರೆ, ಕಣ್ಣೀರು ಬಂದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಪಿ.ಟಿ. ಮೇಷ್ಟ್ರುಗಳು, ಕ್ಲಬ್ ಕೋಚ್‌ಗಳು, ಬೇಸಿಗೆ ಶಿಬಿರ ನಡೆಸುವವರು, ಊರಿನ ಹುಡುಗರನ್ನು ಕಟ್ಟಿಕೊಂಡು ಹೊನಲು ಬೆಳಕಿನ ಪಂದ್ಯಾವಳಿಗೆ ಹೊರಡುವ ಹಿರಿಯ ಆಟಗಾರರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಹೆತ್ತವರ ಪ್ರಶ್ನೆಗಳೂ ನಡುವೆ ಸೇರಿವೆ. ಉದಾಹರಣೆಗಳು ಹೆಚ್ಚಾಗಿ ಕಬಡ್ಡಿ, ವಾಲಿಬಾಲ್‌ನವು. ನಮ್ಮ ಕಡೆ ಹೆಚ್ಚು ಆಡುವುದು ಅವನ್ನೇ.

ಕೋಚ್ ಆದವರು ಭಾವನೆ ತೋರಿಸಬಹುದೋ, ಬಾರದೋ? ಒಂದೇ ಮಾತಲ್ಲಿ ಹೇಳಿ.

ತೋರಿಸಬಹುದು. ಆದರೆ ನಿಮ್ಮ ಮುಖ ನೋಡಿದ ಆಟಗಾರನಿಗೆ ಮುಂದಿನ ರೈಡಿನಲ್ಲಿ, ಮುಂದಿನ ಸರ್ವಿಸ್‌ನಲ್ಲಿ ಏನು ಮಾಡಬೇಕು ಅನ್ನುವುದು ಇನ್ನಷ್ಟು ಸ್ಪಷ್ಟವಾಗಬೇಕು. ಹಾಗಾಗುತ್ತಿದ್ದರೆ ಕೋಪವೂ ನಡೆಯುತ್ತದೆ, ಖುಷಿಯೂ ನಡೆಯುತ್ತದೆ. ‘ಸಾರ್ ಸಿಟ್ಟಾಗಿದ್ದಾರೆ’ ಎಂಬುದಷ್ಟೇ ಅವನಿಗೆ ತಿಳಿದು, ಯಾಕೆ, ಈಗೇನು ಮಾಡಲಿ ಎಂಬುದು ತಿಳಿಯದಿದ್ದರೆ ನಿಮ್ಮ ಎದೆಯ ಭಾರ ಇಳಿಯಿತು, ಅಷ್ಟೆ. ತಂಡಕ್ಕೆ ಏನೂ ಸಿಗಲಿಲ್ಲ.

ಹಾಗಾದರೆ ಮುಖ ಬಿಗಿದುಕೊಂಡು ಸುಮ್ಮನೆ ಕೂತುಬಿಡುವುದೇ ಕ್ಷೇಮ ಅಲ್ಲವೇ?

ಹಾಗೆ ಅನ್ನಿಸುತ್ತದೆ, ಆದರೆ ಅದಕ್ಕೂ ಬೆಲೆ ತೆರಬೇಕು. ಭಾವನೆ ಮುಖದಲ್ಲಿ ಕಾಣದಂತೆ ತಡೆಹಿಡಿಯುವವರ ಬಗ್ಗೆ ಮನಶ್ಶಾಸ್ತ್ರಜ್ಞ ಜೇಮ್ಸ್ ಗ್ರಾಸ್ ಮತ್ತು ಸಂಗಡಿಗರು ಹಲವು ಪ್ರಯೋಗ ಮಾಡಿದ್ದಾರೆ. ಹೊರಗೆ ಮುಖ ಶಾಂತವಾಗಿದ್ದರೂ ಒಳಗೆ ದೇಹದ ಉದ್ವೇಗ ಇಳಿಯುವುದಿಲ್ಲ; ಆ ಹೊತ್ತಿನಲ್ಲಿ ಕಂಡದ್ದು, ಕೇಳಿದ್ದು ನೆನಪಿನಲ್ಲಿ ಉಳಿಯುವುದೂ ಕಡಿಮೆ. ಕೋಚ್‌ಗೆ ಇದರ ಅರ್ಥ ಸರಳ. ಮುಖ ಕಾಯುವುದರಲ್ಲೇ ಗಮನ ಹೋದರೆ ಕಬಡ್ಡಿಯಲ್ಲಿ ಎದುರಾಳಿಯ ಎಡ ಕಾರ್ನರ್ (ಎಡ ತುದಿಯಲ್ಲಿ ನಿಲ್ಲುವವನು) ಪ್ರತಿ ಸಲ ಬೇಗ ಕಾಲು ಹಿಡಿಯಲು ಧುಮುಕುತ್ತಿದ್ದಾನೆ ಎಂಬುದು ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು ತೊಂದರೆ ಮಕ್ಕಳ ಕಡೆಯಿಂದ. ಏನೂ ಹೇಳದ ಮುಖವನ್ನು ಮಕ್ಕಳು ಖಾಲಿ ಎಂದು ಓದುವುದಿಲ್ಲ, ಸಿಟ್ಟು ಎಂದೇ ಓದುತ್ತಾರೆ. ಮೊದಲೇ ತಪ್ಪು ಮಾಡಿ ಹೆದರಿರುವ ಹುಡುಗನಂತೂ ಖಂಡಿತ.

ಇವೆರಡರ ನಡುವೆ ಒಂದು ದಾರಿಯಿದೆ: ಭಾವನೆಯನ್ನು ಒಂದು ಚಿಕ್ಕ ವಾಕ್ಯದಲ್ಲಿ ಹೇಳಿ ಮುಗಿಸಿ, ಮುಂದಿನ ವಾಕ್ಯದಲ್ಲಿ ಕೆಲಸಕ್ಕೆ ಬರುವುದು. ‘ಆ ಮೂರು ಪಾಯಿಂಟ್ ನಂಗೆ ಬೇಜಾರಾಯ್ತು ಕಣ್ರೋ. ಈಗ ರಿಸೀವ್ ಮಾಡೋರು ಒಂದ್ ಹೆಜ್ಜೆ ಹಿಂದೆ ನಿಂತ್ಕೊಳ್ಳಿ.’ ಬೇಜಾರು ಬಚ್ಚಿಟ್ಟಂತಾಗಲಿಲ್ಲ, ಅದರಲ್ಲೇ ಮುಳುಗಿದಂತೆಯೂ ಆಗಲಿಲ್ಲ.

ಬೈಯದೆ ಮಕ್ಕಳು ಬಗ್ಗುತ್ತಾರಾ ಸಾರ್? ನಮ್ಮನ್ನೂ ಬೈದೇ ಬೆಳೆಸಿದ್ದು.

ಬಹಳ ಜನ ಕೇಳುವ ಪ್ರಶ್ನೆ, ಪ್ರಾಮಾಣಿಕ ಪ್ರಶ್ನೆಯೂ ಹೌದು. ಬೈಗುಳದಿಂದ ಏನೂ ಪ್ರಯೋಜನವಿಲ್ಲ ಎಂದು ನಾವು ಹೇಳುವುದಿಲ್ಲ, ಯಾಕೆಂದರೆ ಅದು ನಿಜವಲ್ಲ.

ಅಮೆರಿಕದ ಬ್ಯಾರಿ ಸ್ಟಾ ಮತ್ತು ಸಂಗಡಿಗರು 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೈಸ್ಕೂಲು ಮತ್ತು ಕಾಲೇಜಿನ 23 ಬ್ಯಾಸ್ಕೆಟ್‌ಬಾಲ್ ತಂಡಗಳ ಕೋಚ್‌ಗಳು ಅರ್ಧ ಆಟದ ವಿರಾಮದಲ್ಲಿ ಮಾಡಿದ 304 ಭಾಷಣಗಳನ್ನು ರೆಕಾರ್ಡ್ ಮಾಡಿ, ಅದರಲ್ಲಿ ಸಿಟ್ಟು, ಅಸಮಾಧಾನ ಎಷ್ಟಿತ್ತು, ದ್ವಿತೀಯಾರ್ಧದಲ್ಲಿ ತಂಡ ಹೇಗೆ ಆಡಿತು ಎಂದು ಹೋಲಿಸಿದರು. ಒಂದು ಹಂತದವರೆಗೆ ಕೋಚ್ ಅಸಮಾಧಾನ ತೋರಿಸಿದಷ್ಟೂ ತಂಡ ಸುಧಾರಿಸಿತ್ತು. ಆ ಹಂತ ದಾಟಿ ಕೂಗಾಟ ರೇಗಾಟಕ್ಕೆ ತಿರುಗಿದಾಗ ಆಟ ಕೆಟ್ಟಿತ್ತು. ಅಂದರೆ ಖಡಕ್ಕಾಗಿ ಹೇಳುವುದಕ್ಕೆ ಜಾಗ ಇದೆ, ಅರಚಾಟಕ್ಕೆ ಇಲ್ಲ.

ಈ ಫಲಿತಾಂಶವನ್ನು ಎಲ್ಲ ಕಡೆ ಅಂಟಿಸಲು ಹೋಗಬೇಡಿ. ಅವರು ಅಳೆದದ್ದು ಒಂದು ವಿರಾಮದ ಮಾತು, ಅದರ ನಂತರದ ಅರ್ಧ ಆಟ. ಇಡೀ ವರ್ಷ ದಿನಾ ಬೈಸಿಕೊಂಡ ಮಗುವಿನ ಕಥೆ ಬೇರೆ, ಹತ್ತು ವರ್ಷದ ಮಕ್ಕಳ ಕಥೆ ಇನ್ನೂ ಬೇರೆ. ಅದಕ್ಕೆ ಇನ್ನೊಂದು ಕೆಲಸವನ್ನು ಪಕ್ಕದಲ್ಲಿಟ್ಟು ನೋಡಬೇಕು. ವಾಷಿಂಗ್ಟನ್ ವಿಶ್ವವಿದ್ಯಾಲಯದ ರೊನಾಲ್ಡ್ ಸ್ಮಿತ್ ಮತ್ತು ಫ್ರ್ಯಾಂಕ್ ಸ್ಮೋಲ್ ಮಕ್ಕಳ ಬೇಸ್‌ಬಾಲ್ ಕೋಚ್‌ಗಳಿಗೆ ಒಂದು ಚಿಕ್ಕ ತರಬೇತಿ ಕೊಟ್ಟರು: ಒಳ್ಳೆಯದನ್ನು ಗುರುತಿಸಿ ಹೇಳಿ, ತಪ್ಪಾದಾಗ ಮೊದಲು ಧೈರ್ಯ, ಆಮೇಲೆ ತಿದ್ದುಪಡಿ, ಹಂಗಿಸಬೇಡಿ. 1992ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ತರಬೇತಿ ಪಡೆಯದ ಕೋಚ್‌ಗಳ ಕೈಕೆಳಗಿನ ಮಕ್ಕಳಲ್ಲಿ 26 ಪ್ರತಿಶತ ಮುಂದಿನ ವರ್ಷ ಆಟವನ್ನೇ ಬಿಟ್ಟಿದ್ದರು. ತರಬೇತಿ ಪಡೆದವರ ತಂಡಗಳಲ್ಲಿ ಬಿಟ್ಟವರು 5 ಪ್ರತಿಶತ. ಗಮನಿಸಬೇಕಾದದ್ದೆಂದರೆ ಎರಡೂ ಕಡೆಯ ತಂಡಗಳ ಗೆಲುವು ಸೋಲಿನಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ.

‘ನಮ್ಮನ್ನೂ ಬೈದೇ ಬೆಳೆಸಿದ್ದು’ ಎನ್ನುವವರು ಉಳಿದುಕೊಂಡವರು. ಬೈಗುಳ ತಾಳದೆ ಎಂಟನೇ ಕ್ಲಾಸಿಗೇ ಮೈದಾನ ಬಿಟ್ಟವರು ಈ ಪ್ರಶ್ನೆ ಕೇಳಲು ಬರುವುದೇ ಇಲ್ಲ.

ಖಡಕ್ ಮಾತಿಗೂ ಬೈಗುಳಕ್ಕೂ ಗೆರೆ ಎಲ್ಲಿ?

ಒಂದೇ ತಪ್ಪನ್ನು ತೆಗೆದುಕೊಳ್ಳಿ. ಕಬಡ್ಡಿಯಲ್ಲಿ ಬಲ ಕವರ್ (ಕಾರ್ನರ್‌ಗಿಂತ ಒಳಗೆ ನಿಲ್ಲುವವನು) ಹುಡುಗ ಚೈನ್ ಬಿಟ್ಟು, ಅಂದರೆ ಜೊತೆಗಾರನ ಕೈ ಬಿಟ್ಟು, ಒಬ್ಬನೇ ನುಗ್ಗಿ ಟ್ಯಾಕಲ್‌ಗೆ ಹೋದ. ರೈಡರ್ ಅವನನ್ನೂ ಮುಟ್ಟಿ, ಅವನನ್ನು ಹಿಡಿಯಲು ಬಂದವನನ್ನೂ ಮುಟ್ಟಿಕೊಂಡು ಹೋದ. ಎರಡು ಪಾಯಿಂಟ್ ಹೋಯಿತು.

‘ಲೇ ದಡ್ಡ, ತಲೇಲಿ ಏನಿದ್ಯೋ ನಿಂಗೆ?’ ಇದು ಹುಡುಗನ ಮೇಲೆ ಬಿತ್ತು. ಅವನಿಗೆ ತಿದ್ದಿಕೊಳ್ಳಲು ಏನೂ ಸಿಗಲಿಲ್ಲ. ಮುಂದಿನ ರೈಡಿಗೆ ಅವನು ಹೊರಗೆ ಕೂತಿರುತ್ತಾನೆ, ರಿವೈವ್ ಆಗಿ ಒಳಗೆ ಬಂದ ಮೇಲೆ ಟ್ಯಾಕಲ್‌ಗೇ ಹೋಗುವುದಿಲ್ಲ. ಆಗ ‘ಯಾಕೋ ನಿಂತ್ಕೊಂಡೆ?’ ಎಂದು ಅದಕ್ಕೂ ಬೈಸಿಕೊಳ್ಳುತ್ತಾನೆ.

‘ಕೈ ಬಿಡ್ಬೇಡ ಅಂದಿದ್ನಲ್ಲೋ! ಕಾರ್ನರ್ ಹೋಗೋವರ್ಗೂ ಕಾಯಿ!’ ಇದೂ ಕೂಗಿದ್ದೇ, ಇದರಲ್ಲೂ ಸಿಟ್ಟಿದೆ. ಆದರೆ ಸಿಟ್ಟು ಕೈ ಬಿಟ್ಟದ್ದರ ಮೇಲೆ, ಜೊತೆಗೆ ಮುಂದೆ ಏನು ಮಾಡಬೇಕು ಎಂಬುದೂ ಸಿಕ್ಕಿತು.

ವಾಕ್ಯದಲ್ಲಿ ಕ್ರಿಯೆ ಇದೆಯೋ, ವ್ಯಕ್ತಿ ಇದ್ದಾನೋ ನೋಡಿಕೊಳ್ಳಿ. ಮನೆ, ಜಾತಿ, ಬಣ್ಣ, ಮೈಕಟ್ಟು, ಅಪ್ಪನ ಕೆಲಸ, ‘ತೋಟದ ಲೈನ್ ಮನೆಯೋನು’ ಎನ್ನುವಂಥ ಮಾತು, ಇವೆಲ್ಲ ಗೆರೆಯ ಆಚೆ. ತಮಾಷೆಗೆ ಅಂದರೂ ಆಚೆಯೇ. ‘ನಿನ್ ಜಾಗಕ್ಕೆ ಅವ್ನನ್ನ ಹಾಕಿದ್ರೆ ಗೆಲ್ತಿದ್ವಿ’ ಎಂದು ಪಂದ್ಯದ ನಡುವೆ ಹೋಲಿಸುವುದೂ ಹಾಗೇ. ಅದರಿಂದ ಒಬ್ಬನ ಬದಲು ಇಬ್ಬರು ಕೆಡುತ್ತಾರೆ.

ಟೈಮ್‌ಔಟ್‌ನ 30 ಸೆಕೆಂಡಿನಲ್ಲಿ ಸಿಟ್ಟು ಎಲ್ಲಿಡಲಿ, ಸೂಚನೆ ಎಲ್ಲಿಡಲಿ?

ಕಬಡ್ಡಿಯಲ್ಲಿ ಪ್ರತಿ ಅರ್ಧಕ್ಕೆ 30 ಸೆಕೆಂಡಿನ ಎರಡು ಟೈಮ್‌ಔಟ್. ವಾಲಿಬಾಲ್‌ನಲ್ಲಿ ಪ್ರತಿ ಸೆಟ್‌ಗೆ ಎರಡು, ಅವೂ 30 ಸೆಕೆಂಡಿನವೇ. 21 ಅಂಕದ ಬ್ಯಾಡ್ಮಿಂಟನ್‌ನಲ್ಲಿ 11ಕ್ಕೆ 60 ಸೆಕೆಂಡು, ಎರಡು ಗೇಮ್‌ಗಳ ನಡುವೆ 120 ಸೆಕೆಂಡು. ಊರ ಪಂದ್ಯಾವಳಿಗಳಲ್ಲಿ ಆಯೋಜಕರು ಸಮಯಕ್ಕೆ ಕತ್ತರಿ ಹಾಕುವುದುಂಟು, ಟಾಸ್‌ಗೆ ಮೊದಲೇ ಕೇಳಿಕೊಳ್ಳಿ.

30 ಸೆಕೆಂಡನ್ನು ಹೀಗೆ ಹಂಚಿಕೊಂಡರೆ ಸಾಕಾಗುತ್ತದೆ. ಮೊದಲ ಎಂಟು ಹತ್ತು ಸೆಕೆಂಡು ಯಾರೂ ಮಾತಾಡುವುದಿಲ್ಲ. ಆಟಗಾರರು ಉಸಿರು ತಗೊಳ್ಳುತ್ತಾರೆ, ಎರಡು ಗುಟುಕು ನೀರು ಕುಡಿಯುತ್ತಾರೆ. ಏದುಸಿರು ಬಿಡುತ್ತಿರುವವನ ಕಿವಿಗೆ ಮಾತು ಇಳಿಯುವುದಿಲ್ಲ, ನೀವು ಎಷ್ಟೇ ಜೋರಾಗಿ ಹೇಳಿ. ಆ ಹೊತ್ತು ನಿಮಗೂ ಬೇಕು: ಮೂಗಿನಿಂದ ಉಸಿರು ಎಳೆದು, ಎಳೆದದ್ದಕ್ಕಿಂತ ನಿಧಾನವಾಗಿ ಬಿಡಿ. ನಂತರದ ಹನ್ನೆರಡು ಸೆಕೆಂಡಿನಲ್ಲಿ ಇಡೀ ತಂಡಕ್ಕೆ ಒಂದು ಸೂಚನೆ, ಒಬ್ಬರಿಗೆ ಹೆಸರು ಹಿಡಿದು ಇನ್ನೊಂದು. ಕೊನೆಯ ಐದಾರು ಸೆಕೆಂಡಿನಲ್ಲಿ ಅವರ ಬಾಯಿಂದಲೇ ವಾಪಸ್ ಹೇಳಿಸಿ: ‘ಏನ್ ಮಾಡ್ತೀವಿ?’ ‘ಬೋನಸ್ ಬಿಡ್ತೀವಿ ಸಾರ್, ಟಚ್ ಕೊಡಲ್ಲ.’ ಮುಗಿಯಿತು.

ಕೆಡುವುದು ಸಾಮಾನ್ಯವಾಗಿ ಹೀಗೆ. ಕೋಚ್ ಇಪ್ಪತ್ತು ಸೆಕೆಂಡನ್ನು ಆಗಿಹೋದ ಪಾಯಿಂಟಿಗೇ ಖರ್ಚು ಮಾಡುತ್ತಾರೆ. ಜೊತೆಗೆ ಬಂದ ಇನ್ನೊಬ್ಬ ಮೇಷ್ಟ್ರು, ಹಳೇ ವಿದ್ಯಾರ್ಥಿ, ಯಾರದೋ ಮಾವ, ಎಲ್ಲರೂ ಒಟ್ಟಿಗೆ ಬಾಯಿ ಹಾಕುತ್ತಾರೆ. ಅಭ್ಯಾಸದಲ್ಲಿ ಯಾವತ್ತೂ ಮಾಡದ ಹೊಸ ಚೈನ್ ಅನ್ನು ಅಲ್ಲೇ ಕಲಿಸಲು ಹೋಗುತ್ತಾರೆ. ಟೈಮ್‌ಔಟ್‌ನಲ್ಲಿ ಒಬ್ಬರೇ ಮಾತಾಡಬೇಕೆಂಬುದನ್ನು ಬಸ್ ಹತ್ತುವ ಮೊದಲೇ ತೀರ್ಮಾನಿಸಿಕೊಳ್ಳಿ.

ದನಿ ತಗ್ಗಿಸಿ ಮಂಡಿಯೂರಿ ಕೂತರೆ ಮಕ್ಕಳು ತಾವಾಗಿ ಬಗ್ಗಿ ಹತ್ತಿರ ಬರುತ್ತಾರೆ. ಪ್ಯಾಂಟಿಗೆ ಕೆಸರಾಗುತ್ತದೆ, ಆಗಲಿ. ನಿಮಗೇ ಮಾತು ಹಿಡಿತದಲ್ಲಿಲ್ಲ ಅನ್ನಿಸಿದರೆ ಕ್ಯಾಪ್ಟನ್‌ಗೆ ‘ನೀನ್ ಹೇಳಪ್ಪ’ ಎಂದು ಬಿಟ್ಟುಕೊಡಿ. ಅದರಿಂದ ನಿಮ್ಮ ಮರ್ಯಾದೆಗೇನೂ ಕುಂದಿಲ್ಲ.

ಸಿಟ್ಟು ನೆತ್ತಿಗೇರುತ್ತಿದೆ. ಆ ಕ್ಷಣಕ್ಕೆ ಏನು ಮಾಡಬೇಕು?

ನೆತ್ತಿಗೇರಿದ ಮೇಲೆ ಮಾಡಬಹುದಾದದ್ದು ಕಡಿಮೆ, ಏರುವಾಗಲೇ ಗುರುತಿಸಬೇಕು. ಪ್ರತಿಯೊಬ್ಬರಿಗೂ ಒಂದು ಮುನ್ಸೂಚನೆ ಇರುತ್ತದೆ: ದವಡೆ ಬಿಗಿಯುವುದು, ಕಿವಿ ಬಿಸಿಯಾಗುವುದು, ಅಂಕಣದ ಗೆರೆಯತ್ತ ಕಾಲು ತಾನೇ ಹೋಗುವುದು. ನಿಮ್ಮದು ಯಾವುದೆಂದು ನಿಮಗೆ ತಿಳಿಯದಿದ್ದರೆ ಜೊತೆಗಾರರನ್ನು ಕೇಳಿ, ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಸೂಚನೆ ಕಂಡ ಕೂಡಲೇ ಎರಡು ಹೆಜ್ಜೆ ಹಿಂದೆ ಹೋಗಿ ಬೆಂಚಿನ ಹತ್ತಿರ ನಿಲ್ಲಿ. ನಾಲ್ಕು ಎಣಿಸುತ್ತ ಉಸಿರು ಎಳೆದು, ಆರು ಎಣಿಸುತ್ತ ಬಿಡಿ. ಇದು ಮೂರು ಸಲ ಆಗಲಿ, ಸುಮಾರು ಅರ್ಧ ನಿಮಿಷ. ಉಸಿರು ಬಿಡುವ ಹೊತ್ತು ಉದ್ದವಾದಾಗ ಎದೆಬಡಿತ ಸ್ವಲ್ಪ ಇಳಿಯುತ್ತದೆ. ಕೈಗೆ ಕೆಲಸ ಕೊಡಿ: ಜೇಬಿನಲ್ಲಿ ಚಿಕ್ಕ ನೋಟ್‌ಬುಕ್ಕು, ಪೆನ್ನು ಇರಲಿ, ತಪ್ಪನ್ನು ಕೂಗುವ ಬದಲು ಬರೆಯಿರಿ. ಬರೆದದ್ದು ಮುಂದಿನ ಅಭ್ಯಾಸಕ್ಕೆ ಪಾಠವಾಗುತ್ತದೆ.

ಹೊಟ್ಟೆಯನ್ನೂ ಮರೆಯಬೇಡಿ. ಶಾಲಾ ಕ್ರೀಡಾಕೂಟಗಳು ಬರುವುದೇ ಮಳೆಗಾಲದಲ್ಲಿ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಮಳೆ ನಿಲ್ಲಲಿ ಎಂದು ಕಾಯುತ್ತ ಕೂತು, ಹತ್ತು ಗಂಟೆಯ ಪಂದ್ಯ ಒಂದು ಗಂಟೆಗೆ ಶುರುವಾಗಿ, ಮೂರನೇ ಪಂದ್ಯದ ಹೊತ್ತಿಗೆ ಸಂಜೆಯಾಗಿರುತ್ತದೆ. ಮಕ್ಕಳಿಗೆ ಬಾಳೆಹಣ್ಣು, ಚಿತ್ರಾನ್ನ ಕೊಟ್ಟು ತಾನು ಬರೀ ಕಾಫಿ ಕುಡಿದುಕೊಂಡಿರುವ ಮೇಷ್ಟ್ರು ಆ ಹೊತ್ತಿಗೆ ಸಣ್ಣ ತಪ್ಪಿಗೂ ಸಿಡುಕುತ್ತಾರೆ. ಆ ಸಿಟ್ಟಿನಲ್ಲಿ ಅರ್ಧ ಹಸಿವು. ಹಾಗೆಯೇ ಇವು ನಾಕ್‌ಔಟ್ ಪಂದ್ಯಗಳು. ಹೋಬಳಿ ಮಟ್ಟದಲ್ಲಿ ಒಂದು ಸೋಲು ಎಂದರೆ ಆ ವರ್ಷದ ಕಥೆ ಅಲ್ಲಿಗೇ ಮುಗಿಯಿತು. ಆದ್ದರಿಂದ ಎಲ್ಲರ ತಾಳ್ಮೆಯೂ ಅಂಚಿನಲ್ಲೇ ಇರುತ್ತದೆ, ನಿಮ್ಮದೂ.

ರೆಫರಿ ಕಣ್ಣೆದುರೇ ಅನ್ಯಾಯ ಮಾಡಿದರೂ ಸುಮ್ಮನಿರಬೇಕಾ?

ಸುಮ್ಮನಿರಬೇಕಿಲ್ಲ, ಆದರೆ ದಾರಿ ಗೊತ್ತಿರಬೇಕು. ವಾಲಿಬಾಲ್‌ನಲ್ಲಿ ತೀರ್ಪಿನ ವಿವರಣೆ ಕೇಳುವ ಹಕ್ಕು ಆಡುತ್ತಿರುವ ಕ್ಯಾಪ್ಟನ್‌ಗೆ ಮಾತ್ರ. ಕೋಚ್ ಹೋಗಿ ವಾದಿಸುವಂತಿಲ್ಲ. ಕೋಚ್‌ಗೆ ಕೆಂಪು ಕಾರ್ಡ್ ಬಂದರೆ ಎದುರಾಳಿಗೆ ಒಂದು ಪಾಯಿಂಟ್, ಜೊತೆಗೆ ಸರ್ವಿಸ್. 23–23 ಇರುವಾಗ ಹಾಗಾದರೆ ಎದುರಾಳಿಗೆ ಸೆಟ್ ಪಾಯಿಂಟ್ ಕೊಟ್ಟದ್ದು ನೀವೇ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಕೋಚ್‌ನ ಟೆಕ್ನಿಕಲ್ ಫೌಲ್‌ಗೆ ಎದುರಾಳಿಗೆ ಒಂದು ಫ್ರೀ ಥ್ರೋ. ತನ್ನದೇ ವರ್ತನೆಗೆ ಅಂಥ ಎರಡು ಬಿದ್ದರೆ ಕೋಚ್ ಹೊರಗೆ. ಫುಟ್‌ಬಾಲ್‌ನಲ್ಲಿ 2019ರಿಂದ ಕೋಚ್‌ಗಳಿಗೂ ಹಳದಿ, ಕೆಂಪು ಕಾರ್ಡ್ ತೋರಿಸುತ್ತಾರೆ. ಬೆಂಚಿನಿಂದ ಯಾರು ಕೂಗಿದ್ದೆಂದು ರೆಫರಿಗೆ ತಿಳಿಯದಿದ್ದರೆ ಅಲ್ಲಿರುವ ಹಿರಿಯ ಕೋಚ್‌ಗೇ ಕಾರ್ಡ್.

ಕಬಡ್ಡಿಯಲ್ಲಿ ಹಸಿರು ಎಚ್ಚರಿಕೆ, ಹಳದಿ ಬಂದರೆ ಆಟಗಾರ ಎರಡು ನಿಮಿಷ ಹೊರಗೆ, ಕೆಂಪಿಗೆ ಪಂದ್ಯದಿಂದಲೇ ಹೊರಗೆ. ನೀವು ಗೆರೆಯ ಬಳಿ ನಿಂತು ಅಂಪೈರ್ ಜೊತೆ ಜಗಳಕ್ಕೆ ಬಿದ್ದರೆ ಎರಡು ನಿಮಿಷದಲ್ಲಿ ನಿಮ್ಮ ರೈಡರ್ ಕೂಡ ಅದನ್ನೇ ಮಾಡುತ್ತಾನೆ. ಆ ಕಾರ್ಡ್ ಅವನಿಗೆ ಬೀಳುತ್ತದೆ. ಜಗಳದ ನಡುವೆ ಎದುರಾಳಿ ಆರಾಮವಾಗಿ ದಣಿವಾರಿಸಿಕೊಳ್ಳುತ್ತಾನೆ, ಅದು ಬೇರೆ.

ನಮ್ಮ ಕಡೆಯ ಇನ್ನೊಂದು ವಾಸ್ತವ: ತಾಲ್ಲೂಕು ಮಟ್ಟದಲ್ಲಿ ಸೀಟಿ ಊದುವವರು ಸಾಮಾನ್ಯವಾಗಿ ಇನ್ನೊಂದು ಶಾಲೆಯ ಪಿ.ಟಿ. ಮೇಷ್ಟ್ರೇ. ಮುಂದಿನ ಕೂಟದಲ್ಲಿ ನೀವು ಊದುತ್ತೀರಿ, ಅವರು ಗೆರೆಯ ಬಳಿ ನಿಂತಿರುತ್ತಾರೆ. ತೀರ್ಪಿನ ಬಗ್ಗೆ ನಿಜಕ್ಕೂ ತಕರಾರಿದ್ದರೆ ಕ್ಯಾಪ್ಟನ್ ಮೂಲಕ ಕೇಳಿ, ಆಮೇಲೆ ಆಯೋಜಕರಿಗೆ ಬರೆದುಕೊಡಿ. ಮಕ್ಕಳ ಮುಂದೆ ‘ದುಡ್ಡು ತಿಂದವ್ರೆ’ ಎನ್ನುವ ಮಾತು ಬೇಡ. ಸೋಲಿಗೆ ಒಂದು ಸಲ ಅಂಥ ಕಾರಣ ಸಿಕ್ಕರೆ ಮಕ್ಕಳು ತಮ್ಮ ತಪ್ಪು ಹುಡುಕುವುದನ್ನೇ ಬಿಡುತ್ತಾರೆ.

ಸೋತಾಗ ಕೋಚ್ ಮಕ್ಕಳ ಮುಂದೆ ಅತ್ತರೆ ತಪ್ಪಾ?

ತಪ್ಪಲ್ಲ. ನೋಡಬೇಕಾದದ್ದು ಒಂದೇ: ಮಕ್ಕಳು ನಿಮ್ಮನ್ನು ಸಮಾಧಾನ ಮಾಡುವ ಪರಿಸ್ಥಿತಿ ಬರಬಾರದು. ಕಣ್ಣು ತುಂಬಿ, ದನಿ ನಡುಗಿ, ಆದರೂ ‘ಎಲ್ಲಾ ನೀರ್ ಕುಡೀರಿ, ಬ್ಯಾಗ್ ಎತ್ಕೊಳ್ಳಿ’ ಎನ್ನುವಷ್ಟು ಹಿಡಿತವಿದ್ದರೆ ಏನೂ ತೊಂದರೆಯಿಲ್ಲ. ಸಾರ್‌ಗೂ ಇದು ಮುಖ್ಯವಾಗಿತ್ತು ಎಂದು ಮಕ್ಕಳಿಗೆ ಗೊತ್ತಾಗುತ್ತದೆ. ಹನ್ನೆರಡು ವರ್ಷದ ಹುಡುಗಿ ಬಂದು ‘ಸಾರಿ ಸಾರ್, ನನ್ನಿಂದ ಆಯ್ತು’ ಎಂದು ನಿಮ್ಮ ಕೈ ಹಿಡಿಯುವಂತಾದರೆ ಭಾರ ಹೊರಬೇಕಾದವರು ಅದಲುಬದಲಾದರು.

ಟೋಕಿಯೊ ಒಲಿಂಪಿಕ್ಸ್‌ನಲ್ಲಿ 2021ರ ಆಗಸ್ಟ್ 6ರಂದು ಕಂಚಿನ ಪಂದ್ಯದಲ್ಲಿ ನಮ್ಮ ಮಹಿಳಾ ಹಾಕಿ ತಂಡ ಬ್ರಿಟನ್‌ಗೆ 3–4ರಿಂದ ಸೋತಾಗ ಆಟಗಾರ್ತಿಯರು ಮೈದಾನದಲ್ಲೇ ಅತ್ತರು. ಅದನ್ನು ಯಾರೂ ದೌರ್ಬಲ್ಯ ಎನ್ನಲಿಲ್ಲ.

ಸೋತ ಮೇಲಿನ ಮೊದಲ ಹತ್ತು ನಿಮಿಷಕ್ಕೆ ಒಂದು ಕ್ರಮ ಇಟ್ಟುಕೊಳ್ಳಿ: ಎದುರಾಳಿಗೆ, ಅಂಪೈರ್‌ಗೆ ಕೈಕುಲುಕುವುದು, ನೀರು, ಗಾಯ ನೋಡುವುದು, ಒದ್ದೆ ಜೆರ್ಸಿ ಬದಲಿಸುವುದು. ಆಮೇಲೆ ಎರಡು ನಿಮಿಷ ಮೀರದ ಮಾತು. ಅದರಲ್ಲಿ ವಿಶ್ಲೇಷಣೆ ಬೇಡ. ಯಾರು ಎಲ್ಲಿ ತಪ್ಪಿದರು ಎಂಬುದು ಮುಂದಿನ ಅಭ್ಯಾಸದ ದಿನಕ್ಕೆ. ವಾಪಸ್ ಬರುವ ಬಸ್ಸಿನಲ್ಲಂತೂ ಬೇಡವೇ ಬೇಡ. ಬಸ್ಸಿನಲ್ಲಿ ತಪ್ಪಿಸಿಕೊಂಡು ಹೋಗಲು ಮಗುವಿಗೆ ಜಾಗವಿಲ್ಲ.

ಗೆದ್ದಾಗ ಕುಣಿಯಬಹುದಾ?

ಧಾರಾಳವಾಗಿ. ಖುಷಿ ತೋರಿಸುವುದರಲ್ಲಿ ನಮ್ಮ ಕೋಚ್‌ಗಳು ಜಿಪುಣರು ಎಂಬುದೇ ನಮ್ಮ ದೂರು. ಬೈಯುವಾಗ ಮೈದಾನದ ಆಚೆಗೂ ಕೇಳುವ ದನಿ, ಒಳ್ಳೆಯ ರೈಡಿಗೆ ‘ಹ್ಞೂ, ಆಯ್ತು’ ಎಂದಷ್ಟೇ ಹೇಳುತ್ತದೆ. ಹೊಗಳಿದರೆ ತಲೆ ಮೇಲೆ ಕೂರುತ್ತಾರೆ ಎಂಬ ಭಯ. ಏನು ಚೆನ್ನಾಗಿತ್ತು ಎಂದು ನಿಖರವಾಗಿ ಹೇಳಿದರೆ ಯಾರೂ ತಲೆ ಮೇಲೆ ಕೂರುವುದಿಲ್ಲ. ‘ಸೂಪರ್’ ಎನ್ನುವ ಬದಲು ‘ಆ್ಯಂಕಲ್ ಹಿಡಿಯೋಕ್ ಮುಂಚೆ ಅವ್ನು ತಿರುಗೋವರ್ಗೂ ಕಾದ್ಯಲ್ಲ, ಅದು’ ಎನ್ನಿ.

ಒಂದೇ ನಿಯಮ: ಮೊದಲು ಕೈಕುಲುಕಿ, ಆಮೇಲೆ ಕುಣಿಯಿರಿ. ಸೋತ ತಂಡದ ಮಕ್ಕಳು ಹತ್ತಡಿ ದೂರದಲ್ಲಿ ನಿಂತಿರುತ್ತಾರೆ.

ರಾಹುಲ್ ದ್ರಾವಿಡ್ ಅವರನ್ನು ನೋಡಿ. 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಕೈಗೆ ಬಂದಾಗ ಅವರು ಅದನ್ನು ಎತ್ತಿ ಹಿಡಿದು ಅರಚಿದ್ದು ಎಲ್ಲರಿಗೂ ನೆನಪಿದೆ. 2014ರಲ್ಲಿ ರಾಜಸ್ಥಾನ ತಂಡದ ಮೆಂಟರ್ ಆಗಿದ್ದಾಗ ಮುಂಬೈ ವಿರುದ್ಧ ಸೋತು ಟೋಪಿ ನೆಲಕ್ಕೆಸೆದದ್ದನ್ನೂ ಜನ ಮರೆತಿಲ್ಲ. ಅಷ್ಟು ವರ್ಷಗಳ ಸಮಚಿತ್ತದ ಮೇಲೆ ಬಂದದ್ದರಿಂದ ಎರಡಕ್ಕೂ ತೂಕ ಬಂತು. ದಿನಾ ಟೋಪಿ ಎಸೆಯುವ ಕೋಚ್‌ನ ಟೋಪಿಯನ್ನು ಯಾರೂ ನೋಡುವುದಿಲ್ಲ.

ಪ್ರೊ ಕಬಡ್ಡಿಯಲ್ಲಿ ಕೋಚ್‌ಗಳು ಅಷ್ಟೊಂದು ಆವೇಶದಲ್ಲಿ ಇರುತ್ತಾರಲ್ಲ? ಅವರು ಗೆಲ್ಲುತ್ತಾರಲ್ಲ?

ಗೆಲ್ಲುತ್ತಾರೆ. ಹರಿಯಾಣ ಸ್ಟೀಲರ್ಸ್ ಕೋಚ್ ಮನ್‌ಪ್ರೀತ್ ಸಿಂಗ್ ಅಂಕಣದ ಪಕ್ಕದಲ್ಲಿ ನೆಗೆಯುತ್ತ, ಕೂಗುತ್ತ, ತೊಡೆ ತಟ್ಟುತ್ತಲೇ ಇರುತ್ತಾರೆ; 2024ರ ಡಿಸೆಂಬರ್‌ನಲ್ಲಿ ಅವರ ತಂಡವೇ ಚಾಂಪಿಯನ್ ಆಯಿತು. ಆದರೆ ಆ ಆಟಗಾರರು ವಯಸ್ಕರು, ಸಂಬಳಕ್ಕೆ ಆಡುವವರು, ತಿಂಗಳುಗಟ್ಟಲೆ ಆ ಕೋಚ್ ಜೊತೆಗೇ ಉಂಡು ಮಲಗಿ ಅವರ ಕೂಗಿನಲ್ಲಿ ಯಾವುದು ಸಿಟ್ಟು, ಯಾವುದು ಹುರುಪು ಎಂದು ಬಲ್ಲವರು. ಟಿವಿಯಲ್ಲಿ ನಮಗೆ ಕಾಣುವುದು ಕೂಗು ಮಾತ್ರ, ಅದರ ಹಿಂದಿನ ಸಲುಗೆ ಕಾಣುವುದಿಲ್ಲ. ಆರನೇ ಕ್ಲಾಸಿನ ಹುಡುಗನಿಗೆ ಆ ಸಲುಗೆ ಇಲ್ಲ.

ವಯಸ್ಸಿಗೆ ತಕ್ಕಂತೆ ಬದಲಾಗಬೇಕಾ?

ಬದಲಾಗಲೇಬೇಕು. ಹತ್ತು ವರ್ಷದೊಳಗಿನವರಿಗೆ ಕೋಪವನ್ನು ಹೆಚ್ಚುಕಡಿಮೆ ಪೂರ್ತಿ ಬಿಟ್ಟುಬಿಡಿ. ಅಪಾಯದ ಕೆಲಸ ಮಾಡಿದಾಗ, ಅಂದರೆ ಬ್ಯಾಟ್ ಬೀಸುವವನ ಹಿಂದೆ ನಿಂತಾಗ, ಜಾವೆಲಿನ್ ಬೀಳುವ ಕಡೆ ಓಡಿದಾಗ ಮಾತ್ರ ಗಟ್ಟಿ ದನಿ ಬರಲಿ. ಅಪರೂಪಕ್ಕೆ ಬಂದರೆ ಆ ದನಿಗೆ ಅವರು ತಕ್ಷಣ ನಿಲ್ಲುತ್ತಾರೆ. 14ರೊಳಗಿನ ವಿಭಾಗದ ಮಕ್ಕಳಿಗೆ ಗೆಳೆಯರ ಮುಂದಿನ ಅವಮಾನವೇ ಎಲ್ಲಕ್ಕಿಂತ ದೊಡ್ಡ ಪೆಟ್ಟು; ತಿದ್ದುವುದನ್ನು ಪಕ್ಕಕ್ಕೆ ಕರೆದು ತಿದ್ದಿ, ಹೊಗಳುವುದನ್ನು ಎಲ್ಲರ ಮುಂದೆ ಹೊಗಳಿ. 17ರೊಳಗಿನವರು ಕಾರಣ ಕೇಳುತ್ತಾರೆ. ಕಾರಣ ಕೊಟ್ಟು ಖಡಕ್ಕಾಗಿ ಹೇಳಿದರೆ ತಗೊಳ್ಳುತ್ತಾರೆ.

ಅಥ್ಲೆಟಿಕ್ಸ್, ಬ್ಯಾಡ್ಮಿಂಟನ್‌ನಂಥ ಒಬ್ಬರೇ ಆಡುವ ಆಟಗಳಲ್ಲಿ?

ಅಲ್ಲಿ ಕೋಚ್‌ನ ಮುಖಕ್ಕೆ ಇನ್ನೂ ಹೆಚ್ಚು ಬೆಲೆ, ಯಾಕೆಂದರೆ ಆಟಗಾರ ನೋಡುವುದು ನಿಮ್ಮೊಬ್ಬರನ್ನೇ. ಲಾಂಗ್ ಜಂಪ್‌ನಲ್ಲಿ ಸ್ಪರ್ಧಿಗಳು ಎಂಟಕ್ಕಿಂತ ಹೆಚ್ಚಿದ್ದರೆ ಮೊದಲು ಮೂರು ಜಿಗಿತ, ಮುಂಚೂಣಿಯ ಎಂಟು ಮಂದಿಗೆ ಇನ್ನೂ ಮೂರು ಎಂಬುದು ಸಾಮಾನ್ಯ ಕ್ರಮ. ಮೊದಲನೆಯದು ಫೌಲ್ ಆಯಿತು ಅಂದುಕೊಳ್ಳಿ. ಹುಡುಗಿ ಮರಳಿನಿಂದ ಏಳುತ್ತಲೇ ತಿರುಗಿ ನಿಮ್ಮನ್ನು ನೋಡುತ್ತಾಳೆ. ನೀವು ಹಣೆ ಚಚ್ಚಿಕೊಂಡರೆ ಎರಡನೇ ಜಿಗಿತಕ್ಕೆ ಓಟದ ಕೊನೆಯಲ್ಲಿ ಹೆಜ್ಜೆ ಚಿಕ್ಕದು ಮಾಡಿ, ಹಲಗೆಗಿಂತ ಒಂದಡಿ ಹಿಂದಿನಿಂದ ಜಿಗಿಯುತ್ತಾಳೆ. ಅದರ ಬದಲು ಕೈಯಲ್ಲಿ ‘ಅರ್ಧ ಅಡಿ ಹಿಂದಕ್ಕೆ’ ಎಂದು ತೋರಿಸಿ. ಓಟದ ಗುರುತನ್ನು ಅಷ್ಟು ಹಿಂದಕ್ಕೆ ಇಟ್ಟು ಅದೇ ವೇಗದಲ್ಲಿ ಬರುತ್ತಾಳೆ. ಸನ್ನೆಗಳನ್ನು ಅಭ್ಯಾಸದಲ್ಲೇ ನಿಗದಿ ಮಾಡಿಕೊಂಡಿರಬೇಕು.

ನೂರು ಮೀಟರ್ ಓಟಕ್ಕೆ ಮುಂಚೆ ಹುರಿದುಂಬಿಸುವ ಭಾಷಣ ಬೇಡ. ಮೊದಲೇ ಎದೆ ಹೊಡೆದುಕೊಳ್ಳುತ್ತಿರುವವನು ಇನ್ನಷ್ಟು ಕುದಿದರೆ ಗುಂಡಿನ ಸದ್ದಿಗೆ ಮೊದಲೇ ಹೊರಡುತ್ತಾನೆ.

ಹೆಣ್ಣುಮಕ್ಕಳ ತಂಡಕ್ಕೆ ಬೇರೆ ರೀತಿಯೇ?

ಆಟದ ಮಟ್ಟಿಗೆ ಏನೂ ಬೇರೆಯಿಲ್ಲ. ‘ಹುಡುಗೀರಲ್ವಾ, ಬಿಡಿ’ ಎಂದು ಮೆದುವಾಗುವುದೂ ಒಂದು ಬಗೆಯ ಅವಮಾನವೇ. ಕಡೂರಿನ ವೇದಾ ಕೃಷ್ಣಮೂರ್ತಿ 2017ರ ಕ್ರಿಕೆಟ್ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಮೇಲೆ 45 ಎಸೆತಕ್ಕೆ 70 ಹೊಡೆದದ್ದನ್ನು ನೋಡಿದ ಜಿಲ್ಲೆ ಇದು.

ಎಚ್ಚರ ಬೇಕಾದದ್ದು ಬೇರೆ ಕಡೆ. ಮೈಕಟ್ಟು, ತೂಕ, ಮುಟ್ಟು, ಮದುವೆ ಇವುಗಳ ಮಾತು ಕೋಪದಲ್ಲೂ ಬೇಡ, ತಮಾಷೆಗೂ ಬೇಡ. ಗೆದ್ದ ಖುಷಿಗೆ ತಬ್ಬಿಕೊಳ್ಳುವುದು ಬೇಡ, ಹೈ-ಫೈವ್ ಸಾಕು. ಒಬ್ಬಳನ್ನೇ ಕರೆದು ಮಾತಾಡಬೇಕಿದ್ದರೆ ಎಲ್ಲರಿಗೂ ಕಾಣುವ ಜಾಗದಲ್ಲಿ, ಇತರರಿಗೆ ಕೇಳಿಸದಷ್ಟು ದೂರದಲ್ಲಿ ಮಾತಾಡಿ. ತಂಡದ ಜೊತೆ ಒಬ್ಬ ಶಿಕ್ಷಕಿ ಇರಲೇಬೇಕು.

ಒಂದೇಟು ಹಾಕಿದರೆ, ಬಸ್ಕಿ ಹೊಡೆಸಿದರೆ?

ಬೇಡ. ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಬಾಲ ನ್ಯಾಯ ಕಾಯ್ದೆ, 2015ರಡಿ ಮಗುವಿನ ಮೇಲಿನ ಕ್ರೌರ್ಯ ಶಿಕ್ಷಾರ್ಹ ಅಪರಾಧ. ಮಕ್ಕಳ ಸಹಾಯವಾಣಿ 1098. ಕಾನೂನು ಪಕ್ಕಕ್ಕಿಟ್ಟರೂ ವ್ಯಾಯಾಮವನ್ನು ಶಿಕ್ಷೆಯಾಗಿ ಕೊಡುವ ಕೋಚ್, ನಾಳೆ ಅದೇ ವ್ಯಾಯಾಮವನ್ನು ಮನಸಿಟ್ಟು ಮಾಡಿ ಎಂದರೆ ಯಾರು ಕೇಳುತ್ತಾರೆ?

ಕೋಚ್ ಮಗನಿಗೆ ಬೈದರು. ಹೆತ್ತವರು ಏನು ಮಾಡಬೇಕು?

ಅಂಕಣದ ಬಳಿ ಹೋಗಿ ಜಗಳ ತೆಗೆಯಬೇಡಿ, ಪೋಷಕರ ವಾಟ್ಸ್ಆ್ಯಪ್ ಗುಂಪಿಗೂ ಹಾಕಬೇಡಿ. ಮರುದಿನ ಹೋಗಿ, ಏನು ಪದ ಬಳಸಿದರು ಎಂದು ಮಗನಿಂದ ಕೇಳಿಕೊಂಡು, ಆ ಪದವನ್ನೇ ಹೇಳಿ ಮಾತಾಡಿ. ಆಟದ ತಪ್ಪಿಗೆ ಗಟ್ಟಿಯಾಗಿ ಹೇಳಿದ್ದರೆ ಅಲ್ಲಿಗೆ ಬಿಡಿ. ಮನೆ, ಜಾತಿ, ಮೈಬಣ್ಣದ ಮಾತಾಗಿದ್ದರೆ, ಕೈ ಮಾಡಿದ್ದರೆ ಮುಖ್ಯ ಶಿಕ್ಷಕರಿಗೆ ಬರಹದಲ್ಲಿ ದೂರು ಕೊಡಿ. ಅಂದಹಾಗೆ ಗೆರೆಯಾಚೆ ನಿಂತು ಕೋಚ್‌ಗಿಂತ ಜೋರಾಗಿ ಕೂಗುವ ಅಪ್ಪಂದಿರೂ ಇದ್ದಾರೆ. ಮಗುವಿಗೆ ಆಗ ಯಾರ ಮಾತು ಕೇಳಬೇಕೆಂದೇ ತಿಳಿಯುವುದಿಲ್ಲ.

ಮಿತಿ ಮೀರಿ ಬೈದುಬಿಟ್ಟರೆ ಹೇಗೆ ಸರಿಪಡಿಸುವುದು?

ಆದಷ್ಟು ಬೇಗ, ಮರುದಿನದೊಳಗೆ. ಎಲ್ಲರ ಮುಂದೆ ಬೈದಿದ್ದರೆ ಕ್ಷಮೆಯೂ ಎಲ್ಲರ ಮುಂದೆಯೇ. ‘ನಿನ್ನೆ ನಿಂಗೆ ಹಂಗಂದಿದ್ದು ತಪ್ಪು ಕಣಪ್ಪ. ಚೈನ್ ಬಿಟ್ಟಿದ್ದು ಮಾತ್ರ ತಪ್ಪೇ, ಅದನ್ನ ಇವತ್ತು ಸರಿ ಮಾಡೋಣ.’ ಇಷ್ಟೇ ಸಾಕು. ‘ನೀನ್ ಹಂಗ್ ಆಡಿದ್ದಕ್ಕೇ ನಾನ್ ಬೈದಿದ್ದು’ ಎಂದು ಸೇರಿಸಿದರೆ ಅದು ಕ್ಷಮೆಯಾಗುವುದಿಲ್ಲ, ಎರಡನೇ ಸಲ ಬೈದಂತೆ. ಅತಿಯಾದ ಸಮಜಾಯಿಷಿ, ಐಸ್‌ಕ್ರೀಮು ಕೊಡಿಸುವುದು, ಮುಂದಿನ ಪಂದ್ಯಕ್ಕೆ ಸುಮ್ಮನೆ ಕ್ಯಾಪ್ಟನ್ ಮಾಡುವುದು ಯಾವುದೂ ಬೇಡ.

ಕೂಗಿ ಕೂಗಿ ಗಂಟಲು ಹೋಗಿದೆ.

ದಿನಾ ಕೂಗುವವರ ಸ್ವರತಂತುಗಳ ಮೇಲೆ ಗಂಟು ಬೀಳುವುದುಂಟು. ದೂರದವರಿಗೆ ಸೀಟಿ ಬಳಸಿ: ಒಂದು ಸಲ ಊದಿದರೆ ನಿಲ್ಲು, ಎರಡು ಸಲ ಊದಿದರೆ ಹತ್ತಿರ ಬಾ. ಬಿಸಿನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಿರಿ. ಪಿಸುಮಾತು ಗಂಟಲಿಗೆ ವಿಶ್ರಾಂತಿ ಎಂದುಕೊಳ್ಳಬೇಡಿ, ಅದೂ ಶ್ರಮವೇ. ಎರಡು ಮೂರು ವಾರ ದನಿ ಒಡೆದೇ ಇದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ.

ನಾನು ಸುಧಾರಿಸುತ್ತಿದ್ದೇನೋ ಇಲ್ಲವೋ ಹೇಗೆ ತಿಳಿಯುವುದು?

ನೆನಪನ್ನು ನಂಬಬೇಡಿ. ಬೈದದ್ದು ಬೈದವರಿಗೆ ಕಡಿಮೆ ನೆನಪಿರುತ್ತದೆ, ಬೈಸಿಕೊಂಡವರಿಗೆ ಪೂರ್ತಿ. ಮುಖ್ಯ ಶಿಕ್ಷಕರಿಗೆ ತಿಳಿಸಿ, ಒಂದು ಅಭ್ಯಾಸದ ದಿನ ಅಂಗಿ ಜೇಬಿನಲ್ಲಿ ಫೋನಿಟ್ಟು 20 ನಿಮಿಷ ನಿಮ್ಮದೇ ದನಿ ರೆಕಾರ್ಡ್ ಮಾಡಿ. ಸಂಜೆ ಕೇಳುತ್ತ ಕಾಗದದ ಮೇಲೆ ನಾಲ್ಕು ಸಾಲಿನಲ್ಲಿ ಗೀಟು ಹಾಕುತ್ತಾ ಹೋಗಿ: ಏನು ಮಾಡಬೇಕೆಂದು ಹೇಳಿದ್ದು, ಒಳ್ಳೆಯದನ್ನು ಗುರುತಿಸಿದ್ದು, ವ್ಯಕ್ತಿಯ ಮೇಲೆ ರೇಗಿದ್ದು, ‘ಏಯ್’, ‘ಥೂ’, ‘ಅಯ್ಯೋ’ದಂಥ ಬರೀ ಕೂಗು. ನಾಲ್ಕನೇ ಸಾಲು ಎಷ್ಟು ಉದ್ದವಿದೆ ಎಂದು ನೋಡಿ ಬಹಳ ಜನ ನಗುತ್ತಾರೆ. ಮೂರನೆಯದನ್ನು ನೋಡಿ ನಗುವುದಿಲ್ಲ.

ಪಕ್ಕದಲ್ಲಿ ಹೆಸರುಗಳನ್ನೂ ಗುರುತು ಮಾಡಿಕೊಳ್ಳಿ. ಸಾಮಾನ್ಯವಾಗಿ ಇಬ್ಬರು ಮೂವರ ಹೆಸರೇ ಮತ್ತೆ ಮತ್ತೆ ಬರುತ್ತದೆ, ನಾಲ್ಕೈದು ಮಕ್ಕಳ ಹೆಸರು ಒಂದು ಸಲವೂ ಬಂದಿರುವುದಿಲ್ಲ. ಕೇಳಿ ಮುಗಿದ ಮೇಲೆ ರೆಕಾರ್ಡಿಂಗ್ ಅಳಿಸಿಬಿಡಿ, ಕಾಗದ ಇಟ್ಟುಕೊಳ್ಳಿ. ತಿಂಗಳ ನಂತರ ಇನ್ನೊಮ್ಮೆ ಮಾಡಿ, ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮುಂದಿನ ಅಭ್ಯಾಸಕ್ಕೆ, ಹೆಸರು ಬಾರದ ಆ ನಾಲ್ಕೈದು ಮಕ್ಕಳಿಂದ ಶುರು ಮಾಡಿ.